ರೋಮನ್ ಮೊಸಾಯಿಕ್ ಥರ ಹಾಡಿನ ಕವರ್ ಚಿತ್ರ ಮಾಡಬೇಕು, ಫಿಲ್ಟರ್ ಹಾಕಿದ್ರೆ ಕೆಡ್ತಿದೆ

ಗದಗಿನ ಫ್ಲೆಕ್ಸ್ ಅಂಗಡಿಯವ:

ನಾನು ಗದಗಿನಲ್ಲಿ ಫ್ಲೆಕ್ಸ್, ಲಗ್ನಪತ್ರಿಕೆ ಡಿಸೈನ್ ಮಾಡುವವನು. ನಮ್ಮ ಓಣಿಯ ಮೂವರು ಗೆಳೆಯರು ನಾಲ್ಕು ತತ್ವಪದ ರೆಕಾರ್ಡ್ ಮಾಡಿದ್ದಾರೆ. ಏಕತಾರಿ, ದಮ್ಮಡಿ, ತಾಳ, ಇಷ್ಟೇ. ಕವರ್ ಕೆಲಸ ನನ್ನ ಪಾಲಿಗೆ ಬಂದಿದೆ. ಸಂಬಳ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ.

ದಮ್ಮಡಿ ಬಾರಿಸುವವನು ಎಲ್ಲೋ ಇಟಲಿಯ ಹಳೇ ರೋಮನ್ ಊರು ಪಾಂಪೇಯ ಒಂದು ಮೊಸಾಯಿಕ್, ಅಂದರೆ ಸಣ್ಣ ಕಲ್ಲು ಜೋಡಿಸಿದ ಚಿತ್ರ, ನೋಡಿಕೊಂಡು ಬಂದ. ಬೀದಿಯಲ್ಲಿ ನಾಲ್ಕು ಜನ. ಒಬ್ಬ ದೊಡ್ಡ ದಮ್ಮಡಿಯಂಥದ್ದನ್ನು ಹಿಡಿದು ಕುಣಿಯುತ್ತಿದ್ದಾನೆ. ಇನ್ನೊಬ್ಬ ಪುಟ್ಟ ತಾಳ ಹಾಕುತ್ತಿದ್ದಾನೆ. ಒಬ್ಬಳು ಜೋಡಿ ಕೊಳಲು ಊದುತ್ತಿದ್ದಾಳೆ, ಪಕ್ಕದಲ್ಲೊಬ್ಬ ಗಿಡ್ಡ. "ನೋಡಲೇ, ಇವರು ನಾವೇ ಅಲ್ವಾ" ಅಂದ. ನನಗೂ ಹೌದು ಅನ್ನಿಸಿತು.

ಗೆಳೆಯರ ಫೋಟೋಗೆ ಫೋಟೋಶಾಪ್‌ನ ಮೊಸಾಯಿಕ್ ಫಿಲ್ಟರ್ ಹಾಕಿದೆ. ಟಿವಿಯಲ್ಲಿ ಕಳ್ಳರ ಮುಖ ಮರೆಮಾಡಿ ತೋರಿಸುತ್ತಾರಲ್ಲ, ಹಾಗೆ ಬಂತು. ಚೌಕ ಸಣ್ಣದು ಮಾಡಿದರೆ ಮಾಮೂಲಿ ಫೋಟೋ, ದೊಡ್ಡದು ಮಾಡಿದರೆ ಎಫ್‌ಐಆರ್. ಕಲ್ಲು ಜೋಡಿಸಿದ ಹಾಗೆ ಕಾಣಲು ಏನು ಮಾಡಬೇಕು?

ಹುಬ್ಬಳ್ಳಿಯ ಟೈಲ್ಸ್ ಮೇಸ್ತ್ರಿಯ ಮಗ:

ಅಣ್ಣಾ, ಫಿಲ್ಟರ್ ಬಿಡಿ. ಅದು ಬರೀ ಚೌಕ ಹಾಕುತ್ತದೆ. ರೋಮನ್ನರ ಕಲ್ಲು ಚಿತ್ರದ ಗೆರೆ ಹಿಡಿದು ಹೋಗುತ್ತದೆ.

ನಿಮ್ಮ ಗೆಳೆಯ ನೋಡಿದ್ದು ಗ್ರೀಕ್ ದ್ವೀಪ ಸಾಮೋಸ್‌ನ ಡಯೊಸ್ಕೊರಿಡಿಸ್ ಅನ್ನುವ ಕಲಾವಿದ ಮಾಡಿದ್ದು. ಗ್ರೀಕ್‌ನಲ್ಲಿ ಸಹಿ ಹಾಕಿದ್ದಾನೆ. ಈಗ ಇಟಲಿಯ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಅಗಲ ಒಂದೂವರೆ ಅಡಿಯೂ ಇಲ್ಲ, ಕಲ್ಲು ಒಂದೊಂದೂ ಕೆಲವೇ ಮಿಲಿಮೀಟರ್. ಹುಳು ಹರಿದ ಹಾಗೆ ಸಾಲು ಹೋಗುವುದರಿಂದ ಆ ಶೈಲಿಗೆ ಲ್ಯಾಟಿನ್‌ನಲ್ಲಿ ಹುಳುವಿನ ಹೆಸರೇ ಇದೆ. ಬಣ್ಣದ ಚಿತ್ರದ ಹಾಗೆ ಕಾಣಲಿ ಅಂತಲೇ ಮಾಡಿದ್ದು ಅದು. ಮೊಬೈಲ್‌ನಲ್ಲಿ ಉಗುರಿನಷ್ಟು ಕಾಣುವ ಕವರ್‌ಗೆ ಹಾಕಿದರೆ ಕಲ್ಲೇ ಕಾಣುವುದಿಲ್ಲ.

ಅದರಿಂದ ಆ ಕುಣಿಯುವವನ ನಿಲುವು ಮಾತ್ರ ತಗೊಳ್ಳಿ. ಕಲ್ಲು ಜೋಡಿಸುವ ರೀತಿಗೆ ರೋಮ್ ಹತ್ತಿರದ ಓಸ್ಟಿಯಾದ ಸ್ನಾನಗೃಹಗಳ ನೆಲ ನೋಡಿ. ಬಿಳಿ ಹಿನ್ನೆಲೆ, ಕಪ್ಪು ಆಕೃತಿ, ಮುಗೀತು. ಮೂವರನ್ನೂ ತುರುಕಬೇಡಿ. ಒಬ್ಬ ಸಾಕು.

ಮೊದಲು ಆಕೃತಿ ಬರೆಯಿರಿ. ಅದರ ಹೊರಅಂಚಿಗೆ ತಾಗಿ ಒಂದೆರಡು ಸಾಲು ಬಿಳಿ ಕಲ್ಲು ಅಂಚಿನ ಜೊತೆಗೇ ಬಳುಕಬೇಕು. ಉಳಿದ ಹಿನ್ನೆಲೆಗೆ ಆಮೇಲೆ ಅಡ್ಡ ಸಾಲು. ಆ ಬಳುಕುವ ಸಾಲು ಬಿಟ್ಟರೆ ಮತ್ತೆ ಎಫ್‌ಐಆರೇ. 3000 ಪಿಕ್ಸೆಲ್ ಕವರ್‌ನಲ್ಲಿ ಅಡ್ಡಕ್ಕೆ 60 ಕಲ್ಲು ಬರಲಿ, ಸಂದು ಸೇರಿ ಒಂದಕ್ಕೆ 50 ಪಿಕ್ಸೆಲ್. ಪ್ರತಿಯೊಂದನ್ನೂ ಚೂರು ಸೊಟ್ಟ ಇಡಿ. ಸಂದು ಸೊಟ್ಟ ಆದರೆ ನಮ್ಮಪ್ಪ ಟೈಲ್ಸ್ ಕಿತ್ತು ಮತ್ತೆ ಹಾಕಿಸುತ್ತಿದ್ದರು. ಇದನ್ನು ಅವರಿಗೆ ತೋರಿಸಬೇಡಿ.

ಧಾರವಾಡದ ಕಸೂತಿ ಅಕ್ಕ:

ತಮ್ಮಾ, ಕಂಪ್ಯೂಟರ್‌ನಲ್ಲಿ ಯಾಕೆ ಒದ್ದಾಡುತ್ತೀ? ಲಗ್ನಪತ್ರಿಕೆ ಕತ್ತರಿಸಿದ ದಪ್ಪ ಕಾಗದ ಅಂಗಡಿಯಲ್ಲಿ ರಾಶಿ ಇರುತ್ತದಲ್ಲ. ಕತ್ತರಿಯಿಂದ ತುಂಡು ಮಾಡಿ, ರಟ್ಟಿನ ಮೇಲೆ ಅಂಟಿಸಿ ಫೋಟೋ ತೆಗಿ. ಸೊಟ್ಟ ತಾನೇ ಬರುತ್ತದೆ. ಗ್ರಾಫ್ ಹಾಳೆ ಮಾತ್ರ ಮುಟ್ಟಬೇಡ. ಮಗಳ ಶಾಲೆಗೆ ಅಂತ ಒಮ್ಮೆ ಹೀಗೇ ಮಾಡಿದ್ದೆ. ಎಳೆ ಎಣಿಸುವ ಚಾಳಿ ನನಗೆ, ಗ್ರಾಫ್ ಮೇಲೆ ಹಚ್ಚಿದೆ. ಎಲ್ಲರೂ "ಕಸೂತಿ ಚೆನ್ನಾಗಿದೆ" ಅಂದರು!

ಗದಗಿನ ಫ್ಲೆಕ್ಸ್ ಅಂಗಡಿಯವ:

ಅಕ್ಕಾರ ಹೇಳಿದ್ದೇ ಮಾಡಿದೆ. ಮೂರು ರಾತ್ರಿ ಹಿಡೀತು. ಎರಡನೇ ರಾತ್ರಿ ಸೆಖೆ ಅಂತ ಅವ್ವ ಫ್ಯಾನ್ ಹಚ್ಚಿದಳು, ಇನ್ನೂ ಅಂಟಿಸದ ಅರ್ಧ ರೋಮ್ ಪಡಸಾಲೆ ತುಂಬ ಹಾರಿತು.

ಒಬ್ಬನೇ ಸಾಕು ಅಂದಾಗ ಏಕತಾರಿಯವನು ಮುಖ ಊದಿಸಿಕೊಂಡ. ಕೊನೆಗೆ ಯಾರ ಮುಖವೂ ಬೇಡ ಅಂತ ಒಂದು ದಮ್ಮಡಿ, ಎರಡು ಕೈ ಇಟ್ಟೆ. ಆ ಬಳುಕುವ ಸಾಲು ಹಾಕಿದ ಮೇಲೆ ದಮ್ಮಡಿ ನಿಜಕ್ಕೂ ನಡುಗಿದ ಹಾಗೆ ಕಾಣುತ್ತದೆ. ಅದಂತೂ ಖುಷಿ ಆಯ್ತು.

ಈಗ ಹೆಸರು ಬರೆಯುವುದು ಬಾಕಿ. ಪಾಂಪೇಯಲ್ಲಿ "ನಾಯಿ ಇದೆ ಎಚ್ಚರಿಕೆ" ಅಂತ ಕಲ್ಲಲ್ಲೇ ಬರೆದಿದ್ದಾರಲ್ಲ, ಅವರ ಅಕ್ಷರ ಬಹಳಷ್ಟು ನೆಟ್ಟಗಿನ ಗೆರೆ. ನಮ್ಮದು ಎಲ್ಲಾ ದುಂಡಗೆ. "ತತ್ವ"ದ ಒತ್ತಿಗೇ ಹನ್ನೊಂದು ತುಂಡು ಹಚ್ಚಿದೆ, ಆದರೂ ಬಸವನಹುಳು ಥರ ಕಾಣುತ್ತಿದೆ. ಅಕ್ಷರಕ್ಕೆ ಅರ್ಧ ಅಳತೆಯ ತುಂಡು ಹಾಕಬಹುದಾ, ಹುಬ್ಬಳ್ಳಿ ಅಣ್ಣಾ?

ಹುಬ್ಬಳ್ಳಿಯ ಟೈಲ್ಸ್ ಮೇಸ್ತ್ರಿಯ ಮಗ:

ಹಾಕಿ. ಅವರೂ ಮುಖ, ಕೈಗೆ ಸಣ್ಣ ಕಲ್ಲು, ಹಿನ್ನೆಲೆಗೆ ದೊಡ್ಡದು ಹಾಕುತ್ತಿದ್ದರು. ಫ್ಯಾನ್ ಮಾತ್ರ ಬಂದ್ ಇರಲಿ.