ಧನುರ್ಮಾಸ, ಅವರೆಕಾಯಿ, ಅತ್ತೆಯವರ ಉಬ್ಬಸ: ಡಿಸೆಂಬರ್ ತಿಂಗಳನ್ನು ನೀವು ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಮನೆಯಲ್ಲಿ 74 ವರ್ಷದ ಅತ್ತೆಯವರು, ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳು, ಆರನೆಯ ತರಗತಿಯ ಮಗ, ಮತ್ತು ನಸುಕಿನಲ್ಲೇ ಬೆಂಗಳೂರಿಗೆ ಕೆಲಸಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಹಿಂದಿರುಗುವ ಯಜಮಾನರು ಇದ್ದಾರೆ. ವರ್ಷದ ಉಳಿದ ಹನ್ನೊಂದು ತಿಂಗಳು ಹೇಗೋ ಸರಿದೂಗುವ ಸಂಸಾರ, ಡಿಸೆಂಬರ್ ಬಂತೆಂದರೆ ನನ್ನ ಕೈ ಮೀರುತ್ತದೆ.

ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಆರಂಭವಾದರೆ ಅತ್ತೆಯವರು ಬೆಳಗಿನ ಜಾವ ನಾಲ್ಕೂವರೆಗೆ ತಲೆಗೆ ಸ್ನಾನ ಮಾಡಿ ಪೂಜೆಗೆ ಕೂರುತ್ತಾರೆ, ನಾನು ಅದಕ್ಕೆ ಮೊದಲೇ ಎದ್ದು ಹುಗ್ಗಿಗೆ ಇಡಬೇಕು. ಅವರಿಗೆ ಉಬ್ಬಸವಿದೆ; ನಂದಿಬೆಟ್ಟದ ಕಡೆಯಿಂದ ಬೀಸುವ ಆ ಹೊತ್ತಿನ ಗಾಳಿಗೆ ಮಧ್ಯಾಹ್ನದವರೆಗೂ ಎದೆ ಗೊರಗೊರ ಎನ್ನುತ್ತಿರುತ್ತದೆ. ಇದೇ ತಿಂಗಳಲ್ಲಿ ಊರಿನಿಂದ ರಾಗಿ ಮೂಟೆಗಳು ಬರುತ್ತವೆ, ಒಣಗಿಸಬೇಕು. ಅವರೆಕಾಯಿಯ ಕಾಲವಾದ್ದರಿಂದ ಭಾನುವಾರ ತಪ್ಪದೆ ನೆಂಟರು ಬರುತ್ತಾರೆ, ಬಂದವರಿಗೆಲ್ಲ ಹಿತಕಿದ ಬೇಳೆ ಸಾರು ಆಗಲೇಬೇಕು. ಮಗಳಿಗೆ ಪೂರ್ವಸಿದ್ಧತಾ ಪರೀಕ್ಷೆಯ ಆತಂಕ. ಹೋದ ಸಲ ಇದನ್ನೆಲ್ಲ ಹೊತ್ತು ಓಡಾಡಿದ ನಾನು ಸಂಕ್ರಾಂತಿಯ ದಿನವೇ ಜ್ವರದಿಂದ ಮಲಗಿದ್ದೆ. ನಾನೇ ಕತ್ತರಿಸಿ ಒಣಗಿಸಿದ್ದ ಕೊಬ್ಬರಿ, ಬೆಲ್ಲದ ಡಬ್ಬಿಯನ್ನು ಮಕ್ಕಳು ಯಾರ ಮನೆಗೂ ಬೀರದೆ ಹಾಗೆಯೇ ಇಟ್ಟಿದ್ದರು. ಇವುಗಳಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು? ಅತ್ತೆಯವರ ಮನಸ್ಸು ನೋಯದಂತೆ ಅವರ ಸ್ನಾನದ ವೇಳೆಯನ್ನು ಬದಲಿಸುವುದು ಹೇಗೆ?

ಉತ್ತರ 1 (ತುಮಕೂರಿನಿಂದ)

ಸಹೋದರಿ, ನಾನು ಇಪ್ಪತ್ತು ವರ್ಷಗಳಿಂದ ಶುಶ್ರೂಷಕಿಯಾಗಿ ದುಡಿಯುತ್ತಿದ್ದೇನೆ. ನೀವು ಬರೆದಿರುವುದರಲ್ಲಿ ಮೊದಲು ಗಮನಿಸಬೇಕಾದುದು ಆ ನಾಲ್ಕೂವರೆಯ ಸ್ನಾನವನ್ನೇ. ಚಳಿಗೆ ರಕ್ತನಾಳಗಳು ಕುಗ್ಗುವುದರಿಂದ ರಕ್ತದೊತ್ತಡ ಏರಿ ಹೃದಯಕ್ಕೆ ಹೊರೆ ಹೆಚ್ಚುತ್ತದೆ, ತಣ್ಣನೆಯ ಒಣಗಾಳಿಯು ಉಬ್ಬಸವಿರುವವರ ಶ್ವಾಸನಾಳಗಳನ್ನು ಬಿಗಿಯುವಂತೆ ಮಾಡುತ್ತದೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ 6.40ರ ಸುಮಾರಿಗೆ. ಕಾಯಿಲೆಯವರಿಗೆ, ವಯಸ್ಸಾದವರಿಗೆ ಮಂತ್ರಸ್ನಾನ (ಮಂತ್ರ ಹೇಳಿ ನೀರು ಪ್ರೋಕ್ಷಿಸಿಕೊಳ್ಳುವುದು) ಸಾಕೆಂದು ನಮ್ಮ ಹಿರಿಯರೇ ಅವಕಾಶ ಮಾಡಿಟ್ಟಿದ್ದಾರೆ. ಈ ಮಾತನ್ನು ಸೊಸೆಯಾದ ನೀವು ಹೇಳುವುದಕ್ಕಿಂತ, ಅವರು ಹೋಗುವ ದೇವಸ್ಥಾನದ ಅರ್ಚಕರಿಂದ ಹೇಳಿಸಿದರೆ ಅವರಿಗೂ ಸಮಾಧಾನವಾಗುತ್ತದೆ. ನಮ್ಮ ತಾಯಿಯನ್ನು ನಾನು ಒಪ್ಪಿಸಿದ್ದು ಹೀಗೆಯೇ: ಮುಂಜಾನೆ ಬಿಸಿನೀರಿನಲ್ಲಿ ಕೈಕಾಲು ಮುಖ ತೊಳೆದು, ಮಡಿಯುಟ್ಟು ದೀಪ ಹಚ್ಚುತ್ತಾರೆ, ಬಿಸಿಲೇರಿದ ಮೇಲೆ ತಲೆಗೆ ಸ್ನಾನ ಮಾಡುತ್ತಾರೆ.

ಸಾಂಬ್ರಾಣಿಯ ಬಗ್ಗೆಯೂ ಒಂದು ಮಾತು. ಕಿಟಕಿ ಮುಚ್ಚಿದ ದೇವರಕೋಣೆಯಲ್ಲಿ ತುಂಬಿಕೊಳ್ಳುವ ಆ ಹೊಗೆ ಹಾಗೂ ಹಂಡೆಯ ಒಲೆಯ ಹೊಗೆ ಉಬ್ಬಸವನ್ನು ಕೆರಳಿಸುತ್ತವೆ. ವೈದ್ಯರು ಇನ್‌ಹೇಲರ್ ಬರೆದುಕೊಟ್ಟಿದ್ದರೆ, ಅಭ್ಯಾಸವಾಗಿಬಿಡುತ್ತದೆ ಎಂಬ ಭಯಕ್ಕೆ ಅದನ್ನು ನಿಲ್ಲಿಸಲು ಬಿಡಬೇಡಿ. ಬಾಯಾರಿಕೆಯಾಗುವುದಿಲ್ಲವೆಂದು ಹಿರಿಯರು ಚಳಿಗಾಲದಲ್ಲಿ ನೀರನ್ನೇ ಮರೆಯುತ್ತಾರೆ, ಆದ್ದರಿಂದ ಬಿಸಿನೀರಿನ ಒಂದು ಫ್ಲಾಸ್ಕ್ ಅವರ ಪಕ್ಕದಲ್ಲಿರಲಿ.

ಇನ್ನೊಂದು ವಿಷಯವನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ನಿಮ್ಮ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಇಂದೇ ಹೋಗಿ ಕಿಟಕಿಯನ್ನು ನೋಡಿ. ಚಳಿಯೆಂದು ಎಲ್ಲವನ್ನೂ ಮುಚ್ಚಿ ಗೀಸರ್ ಉರಿಸಿದಾಗ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ತಲೆ ಭಾರವಾಗಿ ಕಣ್ಣು ಕತ್ತಲಿಟ್ಟು ಕುಸಿಯುವವರೆಗೆ ತಿಳಿಯುವುದೇ ಇಲ್ಲ. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲೇ ಕಾಲೇಜಿನ ಹುಡುಗಿಯೊಬ್ಬಳು ಹೀಗೆ ಬಿದ್ದಿದ್ದಳು. ನಲ್ಲಿಯ ನೀರು ಹರಿಯುತ್ತಲೇ ಇದ್ದರೂ ಕರೆದರೆ ಓಗೊಡುತ್ತಿಲ್ಲವೆಂದು ಅವಳ ಅಜ್ಜಿ ಬಾಗಿಲು ಒಡೆಸಿದ್ದರಿಂದ ಬದುಕಿದಳು. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗಿರಬೇಕು. ಸದ್ಯಕ್ಕೆ ಅದು ಸಾಧ್ಯವಿಲ್ಲದಿದ್ದರೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಲಿ. ಮಲಗುವ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಡುವುದೂ ಇಷ್ಟೇ ಅಪಾಯಕಾರಿ.

ನಿಮ್ಮ ನಿದ್ರೆಯನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲವೆಂಬುದು ನನಗೆ ಬೇಸರ ತಂದಿತು. ಮನಸ್ಸು ತೀರಾ ಕುಸಿದಂತೆ ಅನ್ನಿಸಿದರೆ, ಅಥವಾ ಮಗಳು ಪರೀಕ್ಷೆಯ ಭಯಕ್ಕೆ ಊಟ ನಿದ್ರೆ ಬಿಟ್ಟರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಉತ್ತರ 2 (ಕೋಲಾರದಿಂದ)

ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ಕಾಗದಪತ್ರದ ಕೆಲಸಗಳನ್ನು ನೀವು ಹೇಳದಿದ್ದರೂ ಅವು ಇದೇ ತಿಂಗಳಲ್ಲಿ ತಲೆಯೆತ್ತುತ್ತವೆ. ಅತ್ತೆಯವರಿಗೆ ಪಿಂಚಣಿ ಬರುತ್ತಿದ್ದರೆ ನವೆಂಬರ್‌ನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರ ತಲುಪಿದೆಯೇ ಎಂದು ನೋಡಿ. ತಪ್ಪಿದ್ದರೆ ಪಿಂಚಣಿ ತಡೆಹಿಡಿಯಲ್ಪಡುತ್ತದೆ, ಕೊಟ್ಟ ಮೇಲೆ ಮತ್ತೆ ಬರುತ್ತದೆ. ಜೀವನ್ ಪ್ರಮಾಣ್ ಮೂಲಕ ಮನೆಯಲ್ಲಿಯೇ ಮೊಬೈಲಿನಲ್ಲಿ ಮುಖ ತೋರಿಸಿ ಸಲ್ಲಿಸಬಹುದಾದ್ದರಿಂದ ಚಳಿಯಲ್ಲಿ ಅವರನ್ನು ಸರತಿ ಸಾಲಿನಲ್ಲಿ ನಿಲ್ಲಿಸಬೇಕಾಗಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಹೂಡಿಕೆಯ ರಸೀದಿಗಳನ್ನು ಈಗಲೇ ಒಂದು ಲಕೋಟೆಗೆ ಹಾಕಿಡಲಿ. ಹೊಸ ಪದ್ಧತಿಯವರಿಗೆ ಹೂಡಿಕೆಯ ಮೇಲಿನ ಈ ವಿನಾಯಿತಿಯೇ ಇಲ್ಲದ್ದರಿಂದ ಆ ಓಡಾಟವಿಲ್ಲ. ಇವೆಲ್ಲ ಕುಳಿತಲ್ಲೇ ಆಗುವ ಕೆಲಸಗಳು, ಯಜಮಾನರೇ ಮುಗಿಸಬಹುದು. ದಯವಿಟ್ಟು ಅವರಿಗೇ ವಹಿಸಿ.

ಉತ್ತರ 3 (ಶಿಡ್ಲಘಟ್ಟದಿಂದ)

ನೆಂಟರನ್ನು ಬೇಡವೆನ್ನುವುದು ನಮ್ಮ ಸೀಮೆಯವರಿಂದ ಆಗದ ಮಾತು, ಆದರೆ ಕಾಯಿ ಸುಲಿಯುವುದನ್ನು ಬಂದವರ ಕೈಗೇ ಕೊಡಬಹುದು. ನಮ್ಮ ಮನೆಯಲ್ಲಿ ಹಜಾರದ ನಡುವೆ ಚಾಪೆ ಹಾಸಿ ಐದು ಕೆಜಿ ಅವರೆಕಾಯಿ ಸುರಿಯುತ್ತೇವೆ. ಮಾತಿನ ನಡುವೆ ಅರ್ಧ ಗಂಟೆಯಲ್ಲಿ ಸುಲಿದು ಮುಗಿಯುತ್ತದೆ, ಸೊಗಡು ಎಲ್ಲರ ಬೆರಳಿಗೂ ಹತ್ತುತ್ತದೆ. ಆದರೆ ಹಿತಕಿದ ಬೇಳೆಗೆ ಕಾಳು ರಾತ್ರಿಯಿಡೀ ನೆನೆಯಬೇಕಾದ್ದರಿಂದ ಆ ದಿನ ಸುಲಿದದ್ದು ಉಪ್ಪಿಟ್ಟಿಗೂ ಕಾಳಿನ ಸಾರಿಗೂ ಸರಿ. ಬೇಳೆಯನ್ನು ವಾರದ ನಡುವೆ ಬಿಡುವಾದಾಗ ಹಿತುಕಿ ಫ್ರೀಜರಿನಲ್ಲಿಟ್ಟರೆ ಭಾನುವಾರ ನಿಶ್ಚಿಂತೆ. ರಾಗಿಯನ್ನು ಹತ್ತು ಗಂಟೆಗೆ ಹರಡಿ, ಮಂಜು ಇಳಿಯುವ ಮುನ್ನ, ನಾಲ್ಕಕ್ಕೆಲ್ಲ ಎತ್ತಿಬಿಡಿ. ತೇವ ಎಳೆದುಕೊಂಡ ರಾಗಿಗೆ ಬೂಷ್ಟು ಹಿಡಿಯುತ್ತದೆ. ಎತ್ತುವ ಕೆಲಸ ಶಾಲೆಯಿಂದ ಬಂದ ಮಗನದು.

ಪ್ರಶ್ನೆ ಕೇಳಿದವರಿಂದ, ನಾಲ್ಕು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಗೀಸರನ್ನು ಹೊರಗೋಡೆಗೆ ಸರಿಸಲು ಭಾನುವಾರ ಕೆಲಸದವರು ಬರುತ್ತಿದ್ದಾರೆ. ನಮ್ಮ ಬಚ್ಚಲಿನ ಕಿಟಕಿಗೆ ಚಳಿಯೆಂದು ನಾನೇ ರಟ್ಟು ಅಂಟಿಸಿದ್ದೆನೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಅರ್ಚಕರ ಮಾತಿಗೆ ಅತ್ತೆಯವರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ: ವೈಕುಂಠ ಏಕಾದಶಿಯ ದಿನ ಮಾತ್ರ ನಸುಕಿನಲ್ಲೇ ಸ್ನಾನ. ಅಂದು ನೀರು ಕಾಯಿಸಿ, ಶಾಲು ಹೊದಿಸಿ ದೇವಸ್ಥಾನಕ್ಕೆ ಕರೆದೊಯ್ಯುವ ಜವಾಬ್ದಾರಿಯನ್ನು ಯಜಮಾನರು ವಹಿಸಿಕೊಂಡಿದ್ದಾರೆ. ಇಂದು ಬೆಳಗ್ಗೆ ನಾನು ಎದ್ದದ್ದು ಐದೂಮುಕ್ಕಾಲಿಗೆ. ಹತ್ತರ ಬಿಸಿಲಿಗೆ ಅತ್ತೆಯವರು ಜಗಲಿಯ ಮೇಲೆ ಕುಳಿತು, ರಾಗಿಗೆ ಬರುವ ಗುಬ್ಬಿಗಳನ್ನು ಓಡಿಸುತ್ತ, ನೆನೆದ ಅವರೆಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದರು.