ಟಿಣ್ ಅನ್ನುವ ಬಾಟಲಿ

ಅಜ್ಜರಕಾಡು ಪಾರ್ಕಿನಲ್ಲಿ ಶೆಟ್ರ ಬಾಟಲಿ ಟಿಣ್ ಅಂದಿತು.

"ಎಂತ ಮಾರಾಯ್ರೆ, ಬಾಟಲಿಗೂ ಫೋನ್ ಬರ್ತದಾ?" ಭಟ್ರು ಕೇಳಿದರು.

"ನೀರು ಕುಡಿಯಲು ನೆನಪಿಸುವ ಬಾಟಲಿ. ಮಗ ಕಳುಹಿಸಿದ್ದು. ದಿನಕ್ಕೆ ನಾಲ್ಕು ಲೀಟರ್."

"ಉಡುಪಿ ಸೆಕೆಯಲ್ಲಿ ಬಾಯಾರಿದ್ದನ್ನು ಬಾಟಲಿ ಹೇಳಬೇಕಾ?" ಎಂದೆ.

"ಕಡಿಮೆಯಾದರೆ ಕೆಂಪು ದೀಪ ಹತ್ತುತ್ತದೆ. ಅದಕ್ಕೇ ರಾತ್ರಿ ಬಾಕಿ ಉಳಿದದ್ದನ್ನು ಒಟ್ಟಿಗೆ ಕುಡಿದು ಮಲಗುವುದು. ಕಿಡ್ನಿ ಕ್ಲೀನ್!"

"ಶೆಟ್ರೆ, ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಹೆಚ್ಚಿನದ್ದೆಲ್ಲ ವಾಪಸ್ ರಕ್ತಕ್ಕೆ. ಹೊರಗೆ ಬಿಡುವುದು ಒಂದೂವರೆ ಲೀಟರಿನಷ್ಟು. ನಿಮ್ಮ ನಾಲ್ಕು ಲೀಟರಿಗೆ ಅದು ಚಪ್ಪಾಳೆ ತಟ್ಟುವುದಿಲ್ಲ," ಎಂದೆ.

"ಆದರೂ ರಾತ್ರಿ ಕುಡಿದರೆ ಎಂತ ತೊಂದರೆ?"

"ಕಿಡ್ನಿಗೂ ಹಗಲು ರಾತ್ರಿ ಉಂಟು. ಹಗಲು ಸೋಸುವುದು ಜಾಸ್ತಿ, ಉಪ್ಪು ಹೊರಹಾಕುವುದೂ ಜಾಸ್ತಿ. ರಾತ್ರಿ ಮಿದುಳು ವಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚು ಬಿಡುತ್ತದೆ. 'ನೀರು ಹಿಡಿದಿಡು, ಇವ ಮಲಗಲಿ' ಅಂತ. ಅಷ್ಟು ಹೊತ್ತಿಗೆ ನೀವು ಬಾಟಲಿ ಎತ್ತುತ್ತೀರಿ."

"ಕಿಡ್ನಿಗೆ ಹೊತ್ತು ಹೇಳುವುದು ಯಾರು?" ಪೈಗಳಿಗೆ ಸಂಶಯ.

"ಮಿದುಳಿನಲ್ಲಿ ಯಜಮಾನ ಗಡಿಯಾರ. ಅದು ಬೆಳಕು ನೋಡಿ ನಡೆಯುವುದು. ಕಿಡ್ನಿಯ ಜೀವಕೋಶಗಳಲ್ಲೂ ಪ್ರತ್ಯೇಕ ಗಡಿಯಾರ ಉಂಟು. ಇಂಥ ಗಡಿಯಾರದ ಗುಟ್ಟನ್ನು ಹಣ್ಣಿನ ನೊಣದಲ್ಲಿ ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು."

"ನೊಣಕ್ಕೂ ಗಡಿಯಾರವಾ!"

"ಹೌದು. ಟಿಣ್ ಅನ್ನುವುದಿಲ್ಲ, ಅಷ್ಟೇ."

ಭಟ್ರು ನಗಲಿಲ್ಲ. "ನನ್ನ ಹತ್ತಿರ ಬಾಟಲಿ ಇಲ್ಲ. ಆದರೂ ರಾತ್ರಿ ಮೂರು ಸಲ ಏಳುತ್ತೇನಲ್ಲ?"

"ವಯಸ್ಸಾದ ಹಾಗೆ ಆ ಹಾರ್ಮೋನಿನ ರಾತ್ರಿ ಏರಿಕೆ ತಗ್ಗುತ್ತದೆ. ಶುಗರ್, ಪ್ರಾಸ್ಟೇಟ್ ಕೂಡ ಕಾರಣ ಇರಬಹುದು. ಒಮ್ಮೆ ಡಾಕ್ಟರಿಗೆ ತೋರಿಸಿ."

"ಮೊದಲೆಲ್ಲ ಯಕ್ಷಗಾನ ಆಟಕ್ಕೆ ಹೋದರೆ ಬೆಳಗಿನ ಮಂಗಳದವರೆಗೆ ಕೂತಲ್ಲಿಂದ ಏಳುತ್ತಿರಲಿಲ್ಲ. ಎರಡು ಸಲ ಚಾ ಕುಡಿದರೂ."

"ಈಗ ಎಷ್ಟೋ ಆಟಗಳೇ ಮಧ್ಯರಾತ್ರಿಗೆ ಮುಗಿಯುತ್ತವೆ," ಎಂದರು ಪೈಗಳು.

"ಕಾಲಮಿತಿ ತಂದದ್ದು ನಮ್ಮ ಕಿಡ್ನಿ ನೋಡಿಯೇ ಇರಬೇಕು," ಎಂದೆ.

ಶೆಟ್ರು ಬಾಟಲಿ ಪಕ್ಕಕ್ಕಿಟ್ಟರು. "ನಮ್ಮ ಬೈಲಿನಲ್ಲಿ ಮುಂದಿನ ವಾರ ಹರಕೆ ಆಟ. ಪೂರ್ತಿ ರಾತ್ರಿಯಂತೆ. ಹೋಗುವನಾ?"

"ಹೋಗುವ," ಎಂದರು ಭಟ್ರು. "ಬದಿಯಲ್ಲಿ ಜಾಗ ಹಿಡಿಯಿರಿ."