‘ಬಿಹೇವಿಯರ್ ಡಿಟೆಕ್ಷನ್ ಆಫೀಸರ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ವಿನೋಬನಗರ, ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಪದವಿ ಮಕ್ಕಳ ಪ್ರದರ್ಶನವೊಂದಕ್ಕಾಗಿ ‘ವಿಮಾನ ನಿಲ್ದಾಣದಲ್ಲಿ ಎಂತೆಂಥ ಕೆಲಸಗಳಿವೆ’ ಎಂಬ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. 2023ರಲ್ಲಿ ಇಲ್ಲಿನ ಸೋಗಾನೆ ನಿಲ್ದಾಣಕ್ಕೆ ವಿಮಾನ ಬರಲು ಶುರುವಾದ ಮೇಲೆ ನಮ್ಮೂರ ಹುಡುಗರಿಗೆ ಆ ಕಡೆ ಕಣ್ಣು ಬಿದ್ದಿದೆ. ಪೈಲಟ್, ಗಗನಸಖಿ ಎಲ್ಲ ಸಲೀಸಾಗಿ ಮುಗಿಯಿತು. ಈ ಒಂದು ಹುದ್ದೆಯ ಹತ್ತಿರ ಗಾಡಿ ನಿಂತಿದೆ.

ಅಮೆರಿಕದಲ್ಲಿ ವಿಮಾನ ನಿಲ್ದಾಣಗಳ ತಪಾಸಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಟಿಎಸ್‌ಎ ‘ಸ್ಪಾಟ್’ ಎಂಬ ಯೋಜನೆಯಡಿ ಇಟ್ಟಿದ್ದ ಹುದ್ದೆ ಇದು. ಎಕ್ಸ್‌ರೇ ಪರದೆ ನೋಡುವ ಕೆಲಸವಲ್ಲ. ಸಾಲಿನಲ್ಲಿ ನಿಂತವರ ಮುಖ, ಕಣ್ಣು, ಕೈ ನೋಡುತ್ತಾರೆ. ಒಂದೊಂದು ಲಕ್ಷಣಕ್ಕೆ ಇಷ್ಟು ಅಂಕ. ಅಂಕ ಮಿತಿ ದಾಟಿದರೆ ಪಕ್ಕಕ್ಕೆ ಕರೆದು ಮಾತಾಡಿಸಿ ಚೀಲ ನೋಡುತ್ತಾರೆ, ಇನ್ನೂ ದಾಟಿದರೆ ಪೊಲೀಸರಿಗೆ ಹೇಳುತ್ತಾರೆ.

ನಾನು ಬರೆದದ್ದು ‘ವರ್ತನಾ ಪತ್ತೆ ಅಧಿಕಾರಿ’. ಓದಿದರೆ ಯಾರದೋ ವರ್ತನೆ ಕಳೆದುಹೋಗಿದೆ, ಇವರು ಹುಡುಕಿಕೊಡುತ್ತಾರೆ ಅನ್ನಿಸುತ್ತದೆ! ಫಲಕ ಇರುವುದು ಎರಡಡಿ ಅಗಲ. ಎರಡು ಪದ ದಾಟಿದರೆ ಅಕ್ಷರ ಇರುವೆ ಸಾಲಾಗುತ್ತದೆ. ಫ್ಲೆಕ್ಸ್‌ನವರು ನಾಳೆ ಸಂಜೆಯವರೆಗೆ ಮಾತ್ರ ಕಾಯುತ್ತಾರಂತೆ.

ಸೊರಬದಿಂದ:

ಇಂಗಿತಜ್ಞ. ಒಂದೇ ಪದ, ನಿಮ್ಮ ಫಲಕಕ್ಕೆ ಜಾಗವೂ ಉಳಿಯಿತು.

ಅರ್ಥಶಾಸ್ತ್ರದ ಮಂತ್ರಾಲೋಚನೆಯ ಅಧ್ಯಾಯದಲ್ಲಿ ಕೌಟಿಲ್ಯ ‘ಇಂಗಿತ’ಕ್ಕೆ ಲಕ್ಷಣ ಕೊಟ್ಟಿದ್ದಾನೆ: ಅನ್ಯಥಾವೃತ್ತಿ. ಅಂದರೆ ಆ ಮನುಷ್ಯನ ಸಹಜ ನಡೆಗಿಂತ ಬೇರೆಯಾದದ್ದು. ಅಮೆರಿಕದವರು ಅಂಕ ಹಾಕುವುದು ಅದಕ್ಕೇ ಅಲ್ಲವೇ? ಇದ್ದ ಪದ ಬಿಟ್ಟು ಹೊಸದನ್ನು ಹೊಸೆಯುವ ಚಟ ಯಾಕೋ ತಿಳಿಯದು.

ಸಾಗರದಿಂದ:

ಸೊರಬದವರಿಗೆ ಎಲ್ಲದಕ್ಕೂ ಸಂಸ್ಕ್ರುತವೇ ಮದ್ದು. ‘ಇಂಗಿತ’ ಎಂದರೆ ಇವತ್ತಿನ ಮಂದಿಗೆ ಆಸೆ, ಬಯಕೆ. ‘ಚುನಾವಣೆಗೆ ನಿಲ್ಲುವ ಇಂಗಿತ ವ್ಯಕ್ತಪಡಿಸಿದರು’ ಎಂದು ದಿನಾ ಪೇಪರಿನಲ್ಲಿ ಬರುತ್ತದೆ. ಇಂಗಿತಜ್ನ ಎಂದು ಬರೆದರೆ ಟಿಕೆಟ್ ಆಕಾಂಕ್ಶಿಗಳನ್ನು ಗುರುತಿಸುವವನು ಅಂದುಕೊಳ್ಳುತ್ತಾರೆ.

ಕನ್ನಡದ್ದೇ ಆದ ‘ಬೇಹು’ ಇದೆ, ತಮಿಳಿನ ‘ವೇವು’ ಅದರ ಒಡಹುಟ್ಟು. ‘ನಡೆ ಬೇಹುಗಾರ’ ಎನ್ನಿ. ‘ಪತ್ತೆ’ ಬಡಗಣದಿಂದ ಬಂದದ್ದು, ‘ತಪಾಸಣೆ’ ಮರಾಟಿ, ‘ಅದಿಕಾರಿ’ ಸಂಸ್ಕ್ರುತ. ಫಲಕದಲ್ಲಿ ಕನ್ನಡ ಎಲ್ಲಿದೆ?

ಸೊರಬದಿಂದ:

‘ಗಾರ’ ಸಂಸ್ಕೃತದ ‘ಕಾರ’. ಮೊದಲು ಅದನ್ನು ಕಿತ್ತು ಆಮೇಲೆ ಮಾತಾಡಿ. ಸಂಸ್ಕೃತದ ಅಕ್ಷರ ಬೇಡವೆಂದು ‘ಇಂಗಿತಜ್ಞ’ವನ್ನು ‘ಇಂಗಿತಜ್ನ’ ಎಂದು ಕೊರೆದು ಬರೆಯುವವರ ಜೊತೆ ಅರ್ಥ ಚರ್ಚಿಸುವುದು ವ್ಯರ್ಥ.

ಹೊಸನಗರದಿಂದ:

ಠಾಣೆಯಲ್ಲಿ ಬರವಣಿಗೆ ಕೆಲಸ ಮಾಡಿ ನಿವೃತ್ತನಾದವನು ನಾನು. ಬೇಹು ಅಂದರೆ ಮರೆಯಲ್ಲಿದ್ದು ನೋಡುವುದು. ಇವರು ಸಮವಸ್ತ್ರ ತೊಟ್ಟು ಎದುರಿಗೇ ನಿಂತಿರುತ್ತಾರೆ. ಆಗದು. ‘ಚಹರೆ’ ಅಂತ ಯಾರೋ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದೂ ಆಗದು. ಚಹರೆ ಪಟ್ಟಿ ಇರುವುದು ಕಾಣೆಯಾದವರಿಗೆ, ಬೇಕಾದವರಿಗೆ. ಎತ್ತರ, ಮೈಬಣ್ಣ, ಎಡಗೆನ್ನೆಯ ಮಚ್ಚೆ. ‘ನಡತೆ’ಯಂತೂ ಬೇಡವೇ ಬೇಡ, ಕೆಲಸಕ್ಕೆ ಸೇರುವವರು ನಡತೆ ಪ್ರಮಾಣಪತ್ರ ಕೇಳಿಕೊಂಡು ಇವರ ಹತ್ತಿರ ಬಂದಾರು.

ಇನ್ನು ‘ಅಧಿಕಾರಿ’. ನಮ್ಮಲ್ಲಿ ಜೀಪು ಇದ್ದವನು ಅಧಿಕಾರಿ. ದಿನವಿಡೀ ಸಾಲಿನ ಪಕ್ಕ ನಿಲ್ಲುವವರಿಗೆ ‘ಸಿಬ್ಬಂದಿ’ ಸಾಕು. (ಅದು ಪಾರಸಿ ಪದ ಅಂತ ಸಾಗರದವರು ಎದ್ದು ನಿಲ್ಲುವುದು ಬೇಡ, ನನಗೆ ಗೊತ್ತು.)

ಕೆಲಸದ ತಿರುಳು ಮಾತ್ರ ನಮ್ಮ ಗಾದೆಯಲ್ಲೇ ಇದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ಹೆಗಲು ಮುಟ್ಟಿಕೊಳ್ಳುವವನನ್ನು ಹಿಡಿಯುವುದೇ ಇವರ ಕಸುಬು.

ಮೂಲ ಕೊಪ್ಪ, ಈಗ ನ್ಯೂಜೆರ್ಸಿಯಿಂದ:

ಹೊಸನಗರದವರ ಗಾದೆ ಚೆನ್ನಾಗಿದೆ. ಆದರೆ ಕುಂಬಳಕಾಯಿ ಕದಿಯದವರೂ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ? ಇಲ್ಲಿ ಜಗಳವಾದದ್ದು ಅದಕ್ಕೇ. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2013ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಮೈನಡೆ ನೋಡಿ ಮೋಸ ಗುರುತಿಸುವ ಮನುಷ್ಯನ ಶಕ್ತಿ ನಾಣ್ಯ ಚಿಮ್ಮಿ ಹೇಳಿದಷ್ಟೇ, ಅಥವಾ ಕೂದಲೆಳೆಯಷ್ಟು ಮೇಲು ಎಂದಿತು. ಈ ಯೋಜನೆಗೆ ಕೊಡುವ ಹಣಕ್ಕೆ ಮಿತಿ ಹಾಕಿ ಎಂದೂ ಹೇಳಿತು. 2007ರಿಂದ ಅಲ್ಲಿಯವರೆಗೆ ಸುಮಾರು 90 ಕೋಟಿ ಡಾಲರ್ ಸುರಿದಾಗಿತ್ತು. ಇಂಥವರು ಸುಮಾರು 3,000 ಮಂದಿ ಇದ್ದರು. 2015ರಲ್ಲಿ ಲಕ್ಷಣಗಳ ಪಟ್ಟಿ ಹೊರಬಿತ್ತು: ಅತಿಯಾಗಿ ಆಕಳಿಸುವುದು, ಗಂಟಲು ಸರಿಮಾಡಿಕೊಳ್ಳುವುದು, ಸಿಳ್ಳೆ, ಕೈ ಹೊಸಕಿಕೊಳ್ಳುವುದು, ತಡವಾಗಿ ಬರುವುದು...

ಹಾಗಾಗಿ ‘ಪತ್ತೆ’ಯನ್ನು ಕಿತ್ತುಹಾಕಿ. ಪರಭಾಷೆಯದೆಂದಲ್ಲ, ಸುಳ್ಳೆಂದು. ಅವರು ನೋಡುತ್ತಿದ್ದದ್ದು ನಿಜ, ಪತ್ತೆ ಮಾಡುತ್ತಿದ್ದರು ಎನ್ನುವುದು ಹುದ್ದೆಯ ಹೆಸರಿನ ಜಂಬ.

ಇನ್ನೊಂದು ಮಾತು. 2017ರ ಹೊತ್ತಿಗೆ ಆ ಹುದ್ದೆಯೇ ಪ್ರತ್ಯೇಕವಾಗಿ ಉಳಿಯಲಿಲ್ಲ, ಅವರನ್ನು ಮಾಮೂಲಿ ತಪಾಸಣೆಗೆ ಸೇರಿಸಿದರು. ನಿಮ್ಮ ಮಕ್ಕಳು ಅರ್ಜಿ ಹಾಕುವುದು ಎಲ್ಲಿಗೆ?

ವಿನೋಬನಗರ, ಶಿವಮೊಗ್ಗದಿಂದ:

ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತೇ! ಪ್ರದರ್ಶನದವರಿಗೆ ಫೋನ್ ಮಾಡಿದೆ. ‘ಚಿತ್ರ ಆಗಲೇ ಪ್ರಿಂಟಾಗಿದೆ ಮೇಡಂ, ಹೆಸರು ಕೊಡಿ ಸಾಕು’ ಎಂದರು.

ಕೊಪ್ಪದವರ ಪಟ್ಟಿ ಓದಿದಾಗ ಕಳೆದ ತಿಂಗಳು ಸೋಗಾನೆಯಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜ ನೆನಪಾದರು. ಮೊದಲ ವಿಮಾನ ಪ್ರಯಾಣ. ಮೂರು ಸಲ ಗಂಟಲು ಸರಿಮಾಡಿಕೊಂಡರು, ಕಣ್ಣು ನೆಲ ಬಿಟ್ಟು ಏಳಲಿಲ್ಲ, ಎಲೆಯಡಿಕೆ ಸಂಚಿಯನ್ನು ಎರಡೂ ಕೈಯಲ್ಲಿ ಹಿಸುಕುತ್ತಿದ್ದರು. ಕೊನೆಗೆ ಸಂಚಿಯಿಂದ ಹೊರಬಂದದ್ದು ಅಡಕತ್ತರಿ, ಹಿಡಿ ಸವೆದು ನುಣುಪಾದದ್ದು. ಮೊಮ್ಮಗ ಓಡಿಹೋಗಿ ಹೊರಗೆ ಕಾರಿನವನ ಕೈಗೆ ಕೊಟ್ಟು ಬಂದ. ಕತ್ತರಿ ಹೋದ ಮೇಲೂ ಅಜ್ಜ ಕೈ ಹೊಸಕುವುದು ನಿಲ್ಲಿಸಲಿಲ್ಲ. ಯಾವುದಕ್ಕೆ ಎಷ್ಟು ಅಂಕ?

‘ವರ್ತನೆ’ಯನ್ನೂ ಬಿಡುತ್ತೇನೆ. ನಮ್ಮಜ್ಜಿಗೆ ವರ್ತನೆ ಅಂದರೆ ಹಾಲಿನ ವರ್ತನೆ, ದಿನಾ ಅಷ್ಟು ಸೇರು ಹಾಕುವವಳದ್ದು. ‘ಹಾವಭಾವ ವೀಕ್ಷಕರು’ ಅಂತ ಹಾಕಲೇ? ಯಾರಿಗೂ ಅರ್ಥವಾಗದೆ ಇರುವುದಿಲ್ಲ.

ಸೊರಬದಿಂದ:

ಹಾವಭಾವ ಎಂದರೆ ಶೃಂಗಾರಚೇಷ್ಟೆ. ನಾಟಕದ ಕಂಪನಿಯ ಫಲಕವೇನು?

ಸಾಗರದಿಂದ:

ವೀಕ್ಶಕ ಅಂದರೆ ಟೀವಿ ನೋಡುವವನು. ಎರಡು ಪದದಲ್ಲಿ ಎರಡೂ ಸಂಸ್ಕ್ರುತ. ರಾಶ್ಟ್ರಕವಿ ಕುವೆಂಪು ಹೆಸರಿಟ್ಟ ನಿಲ್ದಾಣದ ಊರಿನಲ್ಲಿ!

ಹೊಸನಗರದಿಂದ:

ಆ ರಾಷ್ಟ್ರಕವಿ ಸಂಸ್ಕೃತ ಬಿಟ್ಟು ಬರೆದಿದ್ದರೇ? ಒಂದು ಪುಟ ತೆಗೆದು ನೋಡಿ ಸ್ವಾಮಿ. ತಂಗೀ, ನೀವು ಹಾಕಿ.

ವಿನೋಬನಗರ, ಶಿವಮೊಗ್ಗದಿಂದ:

ಫ್ಲೆಕ್ಸ್ ಹೋಯಿತು. ‘ಹಾವಭಾವ ವೀಕ್ಷಕರು’, ಕೆಳಗೆ ಸಣ್ಣಕ್ಷರದಲ್ಲಿ ‘ಅಮೆರಿಕದಲ್ಲಿ ಇದ್ದ ಹುದ್ದೆ’. ಎಲ್ಲರಿಗೂ ಧನ್ಯವಾದ.

ಸೊರಬದಿಂದ:

ತಪ್ಪು ತಪ್ಪೇ. ಅನ್ಯಥಾವೃತ್ತಿಯ ಬಗ್ಗೆ ಭಾನುವಾರ ವಿವರವಾಗಿ ಬರೆಯುತ್ತೇನೆ.